ನಿಮಗಿದು ಗೊತ್ತೇ? – ಬ್ರೈನ್ ಟ್ಯೂಮರ್ ವೈದ್ಯರ ಎರಡನೇ ಓದು

ಮಿದುಳಿನ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವವರಿಗೆ ನ್ಯೂರೋ ಆಂಕಾಲಜಿಸ್ಟ್ ಎಂಬ ಹೆಸರಿರುವುದು ಬಹಳ ಜನರಿಗೆ ಗೊತ್ತು. ಆದರೆ ಅಮೆರಿಕದಲ್ಲಿ ಈ ಫಲಕ ಹಾಕಿಕೊಳ್ಳಲು ದಾರಿ ಒಂದೇ ಅಲ್ಲ. ನರರೋಗ ತಜ್ಞರು, ಮಕ್ಕಳ ನರತಜ್ಞರು, ಕ್ಯಾನ್ಸರ್ ತಜ್ಞರು, ನ್ಯೂರೋ ಸರ್ಜನ್‌ಗಳು, ಎಲ್ಲರೂ ತಂತಮ್ಮ ಓದು ಮುಗಿಸಿಕೊಂಡು ಬಂದು ಒಂದೇ ಫೆಲೋಶಿಪ್ಪಿಗೆ ಸೇರುತ್ತಾರೆ. ಅವಧಿ ಕನಿಷ್ಠ 1 ವರ್ಷ. ಹಲವು ದೊಡ್ಡ ಕೇಂದ್ರಗಳಲ್ಲಿ 2 ವರ್ಷ. ಮೊದಲ ವರ್ಷ ವಾರ್ಡು, ಎರಡನೆಯದು ಸಂಶೋಧನೆ. ಈ ಸಲದ ಅಂಕಣ ಪೂರ್ತಿ ಆ ಎರಡನೇ ವರ್ಷದ ಸುತ್ತಲಿನದು.

◆ ಚಿಕಿತ್ಸೆ ಕೊಡುವವರಿಗೆ ಸಂಶೋಧನೆ ಏಕೆ ಬೇಕು ಎನ್ನುವವರಿಗೆ ಎರಡೇ ಅಂಕಿ ಸಾಕು: 12.1 ಮತ್ತು 14.6. ಗ್ಲಿಯೋಬ್ಲಾಸ್ಟೋಮ ಎಂಬ ಅತಿ ಉಗ್ರ ಗಡ್ಡೆಗೆ ರೇಡಿಯೇಶನ್ ಮಾತ್ರ ಕೊಟ್ಟಾಗ ರೋಗಿಗಳಲ್ಲಿ ಅರ್ಧದಷ್ಟು ಜನ ಬದುಕಿದ್ದು 12.1 ತಿಂಗಳು. ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ ಸೇರಿಸಿದಾಗ 14.6 ತಿಂಗಳು. 573 ರೋಗಿಗಳ ಮೇಲೆ ನಡೆದ ಈ ಟ್ರಯಲ್ ಪ್ರಕಟವಾದದ್ದು 2005ರಲ್ಲಿ, ಮುಂದಾಳು ರೋಜರ್ ಸ್ಟುಪ್. ಎರಡೂವರೆ ತಿಂಗಳೇನು ಮಹಾ ಎನಿಸಬಹುದು. ಆದರೆ 2 ವರ್ಷ ದಾಟಿದವರ ಪ್ರಮಾಣ ಶೇ 10.4ರಿಂದ ಶೇ 26.5ಕ್ಕೆ ಏರಿತ್ತು. ಇಂದಿಗೂ ಜಗತ್ತಿನ ಬಹುತೇಕ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಶುರುವಾಗುವುದು ಇದರಿಂದಲೇ. ಇಷ್ಟನ್ನೇ ಕಲಿತು ಹೊರಬಂದ ವೈದ್ಯರಿಗೆ ರೋಗಿಯ ಮುಂದಿನ ಪ್ರಶ್ನೆಗೆ ಉತ್ತರವಿರುವುದಿಲ್ಲ. ಉತ್ತರ ಹುಡುಕುವುದನ್ನೇ ಕಲಿಸೋಣ ಎಂಬುದು ಈ ಓದಿನ ತರ್ಕ.

◆ ಆ ಟೆಮೊಜೊಲೊಮೈಡ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಆಸ್ಟನ್ ವಿಶ್ವವಿದ್ಯಾಲಯದಲ್ಲಿ, ಮಾಲ್ಕಮ್ ಸ್ಟೀವನ್ಸ್ ತಂಡದ ಕೈಯಲ್ಲಿ, 1980ರ ದಶಕದಲ್ಲಿ. ಅಂದರೆ ಮಾತ್ರೆ ತಯಾರಾದ ಮೇಲೆ ಅದನ್ನು ಯಾವಾಗ, ಯಾರಿಗೆ, ರೇಡಿಯೇಶನ್ ಜೊತೆಗೋ ನಂತರವೋ ಎಂದು ತಿಳಿಯಲು ಮತ್ತೆ ಸುಮಾರು 20 ವರ್ಷ.

◆ 1924ರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಯುವ ಸರ್ಜನ್ ನ್ಯೂಯಾರ್ಕ್ ಬಿಟ್ಟು ಸ್ಪೇನಿನ ಮ್ಯಾಡ್ರಿಡ್‌ಗೆ ಹೋದರು. ಕಲಿಯಲು ಹೋಗಿದ್ದು ಆಪರೇಷನ್ ಅಲ್ಲ, ಬಣ್ಣ ಹಾಕುವುದನ್ನು! ಮಿದುಳಿನಲ್ಲಿ ನರಕೋಶಗಳಲ್ಲದೆ ಅವಕ್ಕೆ ಆಸರೆಯಾಗಿ ನಿಂತ ಇನ್ನೊಂದು ಬಗೆಯ ಕೋಶಗಳಿವೆ. ಹೆಸರು ಗ್ಲಿಯಾ. ಬಹುಪಾಲು ಮಿದುಳಿನ ಕ್ಯಾನ್ಸರ್‌ಗಳಿಗೆ ಸಂಬಂಧ ಇವುಗಳದ್ದೇ. ಆಗಿನ ಮಾಮೂಲು ಬಣ್ಣಗಳಲ್ಲಿ ಇವುಗಳ ಕೈಕಾಲು ಸರಿಯಾಗಿ ಕಾಣುತ್ತಿರಲಿಲ್ಲ. ಮ್ಯಾಡ್ರಿಡ್‌ನ ಪಿಯೊ ದೆಲ್ ರಿಯೊ ಒರ್ಟೆಗ ಮಾತ್ರ ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ ಅವನ್ನು ಕಪ್ಪಗೆ, ಸ್ಪಷ್ಟವಾಗಿ ಎದ್ದು ಕಾಣಿಸುತ್ತಿದ್ದರು. ಪೆನ್‌ಫೀಲ್ಡ್ ಒರ್ಟೆಗರ ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಕೂತು, ಅವರು ಗುರುತಿಸಿದ್ದ ಆಲಿಗೊಡೆಂಡ್ರೊಗ್ಲಿಯಾ ಎಂಬ ಕೋಶದ ಮೇಲೆ ಅದೇ ವರ್ಷ ಒಂದು ಲೇಖನವನ್ನೂ ಬರೆದರು.

ನಾಲ್ಕು ವರ್ಷ ಕಳೆಯಿತು. 1928ರಲ್ಲಿ ಅವರು ಒಡಹುಟ್ಟಿದ ಅಕ್ಕ ರೂತ್‌ಳ ತಲೆಬುರುಡೆಯನ್ನು ತಾವೇ ತೆರೆಯಬೇಕಾಯಿತು. ಹಣೆಯ ಹಿಂದಿನ ಭಾಗದಲ್ಲಿ ದೊಡ್ಡ ಗಡ್ಡೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಲಿಗೊಡೆಂಡ್ರೊಗ್ಲಿಯೋಮ, ಮ್ಯಾಡ್ರಿಡ್‌ನಲ್ಲಿ ಕಲಿತ ಅದೇ ಕೋಶದ ಹೆಸರು ಹೊತ್ತ ಗಡ್ಡೆ. ಪೂರ್ತಿ ತೆಗೆಯಲಾಗಲಿಲ್ಲ. ಕೆಲವು ವರ್ಷಗಳಲ್ಲಿ ಅಕ್ಕ ತೀರಿಕೊಂಡರು. 1934ರಲ್ಲಿ ಪೆನ್‌ಫೀಲ್ಡ್ ಕೆನಡಾದ ಮಾಂಟ್ರಿಯಲ್‌ನಲ್ಲಿ ನರವಿಜ್ಞಾನ ಸಂಸ್ಥೆ ತೆರೆದಾಗ ಹಾಸಿಗೆ, ಓಟಿ, ಲ್ಯಾಬು ಮೂರನ್ನೂ ಒಂದೇ ಸೂರಿನಡಿ ಕಟ್ಟಿಸಿದರು. ಇವತ್ತಿನ ಫೆಲೋಶಿಪ್‌ಗಳ ಪಠ್ಯಕ್ರಮದ ನೀಲನಕ್ಷೆ ಆ ಕಟ್ಟಡದಲ್ಲೇ ಇದೆ ಎಂದು ನನಗನ್ನಿಸುತ್ತದೆ.

◆ ಇದಕ್ಕೂ ಮೊದಲು, 1900ರಲ್ಲಿ, ಅಮೆರಿಕದ ಸರ್ಜನ್ ಹಾರ್ವಿ ಕುಶಿಂಗ್ ಇದೇ ಬಗೆಯ ಯಾತ್ರೆ ಮಾಡಿದ್ದರು. ಸ್ವಿಟ್ಜರ್‌ಲ್ಯಾಂಡಿನ ಬರ್ನ್‌ನಲ್ಲಿ ಥಿಯೊಡೊರ್ ಕೋಖರ್ ಬಳಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ತಲೆಬುರುಡೆಯೊಳಗೆ ಒತ್ತಡ ಏರಿದರೆ ರಕ್ತದೊತ್ತಡವೂ ಏರುತ್ತದೆ ಎಂದು ತೋರಿಸಿದರು. ಇಂದು ಯಾವ ಐಸಿಯುಗೆ ಹೋದರೂ ‘ಕುಶಿಂಗ್ ರಿಫ್ಲೆಕ್ಸ್’ ಎಂಬ ಮಾತು ಕಿವಿಗೆ ಬೀಳುತ್ತದೆ. ವಾಪಸು ಬರುವಾಗ ಇಟಲಿಯ ಪಾವಿಯಾದಲ್ಲಿ ಕಂಡ, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವ ಸಾಧನವನ್ನೂ ಅಮೆರಿಕಕ್ಕೆ ತಂದರು. ನ್ಯೂರೋ ಸರ್ಜರಿಯ ಪಿತಾಮಹನಿಗೆ ಹೆಸರು ತಂದ ಮೊದಲ ಕೆಲಸಗಳು ಲ್ಯಾಬಿನವು.

◆ ಕುಶಿಂಗ್‌ರ 2000ನೇ ಬ್ರೈನ್ ಟ್ಯೂಮರ್ ಆಪರೇಷನ್ ನಡೆದದ್ದು 1931ರಲ್ಲಿ. ಲೆಕ್ಕ ಇಟ್ಟವರು ಯಾರು? ಲೂಯಿಸ್ ಐಸೆನ್‌ಹಾರ್ಟ್. 1915ರಲ್ಲಿ ಬರಹದ ಕೆಲಸಕ್ಕೆ ಸಹಾಯಕಿಯಾಗಿ ಸೇರಿದ ಈಕೆ, ನಡುವೆ ಬಿಟ್ಟು ಹೋಗಿ ಮೆಡಿಕಲ್ ಓದಿ, ನರರೋಗಶಾಸ್ತ್ರದ ಪೆಥಾಲಜಿಸ್ಟ್ ಆಗಿ ಅದೇ ತಂಡಕ್ಕೆ ಮರಳಿದರು. ಆಪರೇಷನ್‌ನಲ್ಲಿ ತೆಗೆದ ಗಡ್ಡೆ, ತೀರಿಕೊಂಡವರ ಮಿದುಳು, ಫೋಟೊ, ಕೇಸ್ ಶೀಟ್, ವರ್ಷಗಳ ನಂತರ ರೋಗಿ ಬರೆದ ಕಾಗದ, ಎಲ್ಲವನ್ನೂ ಜೋಡಿಸಿಟ್ಟರು. 1944ರಲ್ಲಿ ‘ಜರ್ನಲ್ ಆಫ್ ನ್ಯೂರೋಸರ್ಜರಿ’ ಆರಂಭವಾದಾಗ ಮೊದಲ ಸಂಪಾದಕಿಯೂ ಇವರೇ. ಸರ್ಜನ್‌ಗಳ ಪತ್ರಿಕೆ, ಸಂಪಾದಕಿ ಸರ್ಜನ್ ಅಲ್ಲ!

ಆ ಸಂಗ್ರಹ ಯೇಲ್ ವಿಶ್ವವಿದ್ಯಾಲಯಕ್ಕೆ ಬಂತು. ಕಾಲ ಸರಿದಂತೆ ಮೂಲೆಗೆ ಬಿತ್ತು, ವೈದ್ಯ ವಿದ್ಯಾರ್ಥಿಗಳ ಹಾಸ್ಟೆಲಿನ ನೆಲಮಾಳಿಗೆ ಸೇರಿತು. 1990ರ ದಶಕದಲ್ಲಿ ಹುಡುಗರು ರಾತ್ರಿ ಹೊತ್ತು ಕದ್ದು ಇಳಿದು ಮಿದುಳುಗಳಿದ್ದ ಜಾಡಿಗಳನ್ನು ನೋಡಿ, ಗೋಡೆಯ ಹಲಗೆಯ ಮೇಲೆ ಹೆಸರು ಬರೆದು ಬರುವುದೇ ಒಂದು ಸಂಪ್ರದಾಯವಾಗಿತ್ತು. ಈ ರಹಸ್ಯ ಸಂಘಕ್ಕೆ ಹೆಸರೂ ಇತ್ತು: ‘ಬ್ರೈನ್ ಸೊಸೈಟಿ’. ಕೊನೆಗೆ ಒಬ್ಬ ವಿದ್ಯಾರ್ಥಿ ಅದನ್ನೇ ತನ್ನ ಪ್ರಬಂಧದ ವಿಷಯ ಮಾಡಿಕೊಂಡ. 2010ರಲ್ಲಿ ಜಾಡಿಗಳೆಲ್ಲ ತೊಳೆದು ಬೆಳಗಿ, ಗ್ರಂಥಾಲಯದ ಕೆಳಗೆ ಕುಶಿಂಗ್ ಸೆಂಟರ್ ಎಂಬ ಹೊಸ ಮನೆಗೆ ಬಂದವು. ಶಿಸ್ತಿನ ಕ್ರಮ ಜರುಗಿಸಿದ್ದರೆ ಇದು ಆಗುತ್ತಿತ್ತೇ?

◆ ಗಡ್ಡೆ ಇರುವ ಪಕ್ಕದ ಅರ್ಧ ಮಿದುಳನ್ನೇ ತೆಗೆದರೆ? ಜಾನ್ಸ್ ಹಾಪ್ಕಿನ್ಸ್‌ನ ವಾಲ್ಟರ್ ಡ್ಯಾಂಡಿ ಅದನ್ನೂ ಮಾಡಿ ನೋಡಿದರು, 1928ರಲ್ಲಿ ವರದಿಯನ್ನೂ ಬರೆದರು. ಗಡ್ಡೆ ಮತ್ತೆ ಬಂತು. ಗ್ಲಿಯೋಮ, ಅಂದರೆ ಗ್ಲಿಯಾ ಕೋಶಗಳ ಗಡ್ಡೆ, ಗರಿಕೆ ಬೇರಿನಂತೆ. ಕಣ್ಣಿಗೆ ಕಂಡಷ್ಟನ್ನು ಕಿತ್ತರೂ ಒಳಗೊಳಗೇ ಹರಡಿರುತ್ತದೆ. ಈ ರೋಗವನ್ನು ಬರೀ ಕತ್ತಿಯಿಂದ ಗೆಲ್ಲಲಾಗದು ಎಂದು ಹೊಸಬರಿಗೆ ಹೇಳಲು ಇಂದಿಗೂ ಈ ಉದಾಹರಣೆ ಕೊಡುತ್ತಾರೆ.

◆ ಸಂಶೋಧನಾ ವರ್ಷದಲ್ಲಿ ದಿನವಿಡೀ ಏನು ಮಾಡುತ್ತಾರೆ? ಬಹಳ ಹೊತ್ತು, ಅಳೆಯುತ್ತಾರೆ. ಪರದೆಯ ಮೇಲೆ ಎಂಆರ್‌ಐ ತೆರೆದಿರುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಬೆಳ್ಳಗೆ ಹೊಳೆಯುವ ಭಾಗ ಅತಿ ದೊಡ್ಡದಾಗಿ ಕಾಣುವ ಚಿತ್ರ ಹುಡುಕಬೇಕು. ಅತಿ ಉದ್ದ ಇರುವಲ್ಲಿ ಒಂದು ಗೆರೆ, ಅದಕ್ಕೆ ಲಂಬವಾಗಿ ಇನ್ನೊಂದು. 40 ಮಿ.ಮೀ. ಮತ್ತು 30 ಮಿ.ಮೀ. ಎಂದುಕೊಳ್ಳಿ, ಗುಣಿಸಿದರೆ 1200. ಎರಡು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ 44 ಮತ್ತು 35, ಗುಣಿಸಿದರೆ 1540. ಶೇ 28ರಷ್ಟು ಹೆಚ್ಚು. ಶೇ 25 ದಾಟಿದರೆ ರೋಗ ಮುಂದುವರಿದಿದೆ ಎಂಬುದು 1990ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು ಹಾಕಿಕೊಟ್ಟ ನಿಯಮ. ಔಷಧ ಸೋತಿತು, ಟ್ರಯಲ್‌ನಿಂದ ರೋಗಿ ಹೊರಗೆ.

ತಾಳಿ. ಗುರುಗಳು ಕೇಳುವ ಮೊದಲ ಪ್ರಶ್ನೆ: ‘ರೇಡಿಯೇಶನ್ ಮುಗಿದು ಎಷ್ಟು ವಾರ ಆಯ್ತು?’ ಏಕೆಂದರೆ ಮೊದಲ 12 ವಾರಗಳಲ್ಲಿ ಚಿಕಿತ್ಸೆಯ ಉರಿಯೂತವೇ ಗಡ್ಡೆ ಬೆಳೆದಂತೆ ಕಾಣಿಸಿ, ಆಮೇಲೆ ತಾನಾಗಿ ಕರಗಬಹುದು. ಎರಡನೇ ಪ್ರಶ್ನೆ: ‘ಡೆಕ್ಸಾಮೆಥಸೋನ್ ಎಷ್ಟು ಕೊಡ್ತಿದ್ದೀರಿ?’ ಈ ಸ್ಟಿರಾಯ್ಡ್ ಏರಿಸಿದರೆ ಚಿತ್ರ ಚೆಂದ ಕಾಣುತ್ತದೆ, ಇಳಿಸಿದರೆ ಕೆಟ್ಟದಾಗುತ್ತದೆ. ಇನ್ನು ಬೆವಾಸಿಝುಮಾಬ್ ಎಂಬ ಔಷಧ ಕೊಟ್ಟಿದ್ದರೆ ಸೋರುವ ರಕ್ತನಾಳಗಳು ಮುಚ್ಚಿಕೊಂಡು, ಗಡ್ಡೆ ಇದ್ದರೂ ಹೊಳಪು ಮಾಯ! ಆ ಔಷಧದ ಸ್ಕ್ಯಾನ್‌ಗಳನ್ನು ನೋಡಿ ಎಲ್ಲರೂ ಹಿಗ್ಗಿದ್ದರು. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಟ್ರಯಲ್‌ಗಳು ಹೊಸದಾಗಿ ಪತ್ತೆಯಾದ ಗ್ಲಿಯೋಬ್ಲಾಸ್ಟೋಮದಲ್ಲಿ ಆಯುಸ್ಸು ಹೆಚ್ಚಲಿಲ್ಲ ಎಂದವು. ಚಿತ್ರ ಸುಧಾರಿಸುವುದು ಬೇರೆ, ರೋಗಿ ಸುಧಾರಿಸುವುದು ಬೇರೆ. ಗೆರೆಯ ಜೊತೆಗೆ ಇವನ್ನೆಲ್ಲ ಲೆಕ್ಕ ಹಿಡಿಯುವ ಹೊಸ ನಿಯಮಗಳು 2010ರಲ್ಲಿ ಬಂದವು. ಹೆಸರು ರಾನೋ.

◆ ರೋಗಿಗೂ ಅಂಕ ಕೊಡುತ್ತಾರೆ, 100ಕ್ಕೆ. 100 ಎಂದರೆ ಯಾವ ತೊಂದರೆಯೂ ಇಲ್ಲ. 70 ಎಂದರೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲರು, ದುಡಿಯಲಾರರು. ಡೇವಿಡ್ ಕಾರ್ನೋಫ್ಸ್ಕಿ 1949ರಲ್ಲಿ ಮುಂದಿಟ್ಟ ಮಾಪನ ಇದು. ಸ್ಕ್ಯಾನರ್‌ಗಳು ಎಷ್ಟೋ ಬದಲಾದವು, ಇದು ಬದಲಾಗಿಲ್ಲ.

◆ ಕ್ಯಾನ್ಸರ್ ಬೇರೆಲ್ಲೋ ಇದ್ದು, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ತಪ್ಪಿ ಮಿದುಳನ್ನು ಹೊಡೆಯುವುದುಂಟು. ಇದನ್ನು ಬಿಡಿಸಿ ಹೇಳಿದವರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನ ಜೆರೋಮ್ ಪೋಸ್ನರ್ ಪ್ರಮುಖರು. ಆ ಪ್ರತಿಕಾಯಗಳ ಹೆಸರು ಹು, ಯೋ, ರಿ. ಗ್ರೀಕೂ ಅಲ್ಲ, ಲ್ಯಾಟಿನ್ನೂ ಅಲ್ಲ. ಮೊದಲು ಕಂಡ ರೋಗಿಗಳ ಉಪನಾಮದ ಎರಡೆರಡು ಅಕ್ಷರ.

◆ 2021ರವರೆಗೆ ಮಿದುಳಿನ ಗಡ್ಡೆಗಳ ದರ್ಜೆಯನ್ನು ರೋಮನ್ ಅಂಕಿಗಳಲ್ಲಿ ಬರೆಯುತ್ತಿದ್ದರು. ಎರಡು ಗೀಟಿನ ಜಾಗದಲ್ಲಿ ಮೂರು ಗೀಟು ಬಿದ್ದರೆ ಚಿಕಿತ್ಸೆಯೇ ಬದಲು! ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಪುಸ್ತಕದಲ್ಲಿ 1, 2, 3, 4 ಎಂದು ಬದಲಿಸಿತು.

◆ ಈ ಇಡೀ ಓದಿನಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ಯಾವುದು? ಎಂಆರ್‌ಐ ಯಂತ್ರವಲ್ಲ, ಸಮಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಯುವ ವೈದ್ಯ–ವಿಜ್ಞಾನಿಗಳಿಗೆ ಕೊಡುವ ‘ಕೆ08’ ಅನುದಾನದ ಷರತ್ತು ನೋಡಿ: ಕೆಲಸದ ಹೊತ್ತಿನಲ್ಲಿ ಶೇ 75 ಪಾಲು ಸಂಶೋಧನೆಗೆ ಮೀಸಲಿಡುವುದಾಗಿ ಆಸ್ಪತ್ರೆ ಬರೆದುಕೊಡಬೇಕು. ಕೈಚಳಕ ಮರೆತುಹೋಗಬಾರದು ಎಂದು ಸರ್ಜನ್‌ಗಳಿಗೆ ಮಾತ್ರ ಶೇ 50ರ ವಿನಾಯಿತಿ. ಸಂಶೋಧನೆಯಲ್ಲೇ ಉಳಿಯುವವರ ಶಿಕ್ಷಣ ಸಾಲವನ್ನೂ ವರ್ಷಕ್ಕೆ 50,000 ಡಾಲರ್‌ವರೆಗೆ ಸರ್ಕಾರ ತೀರಿಸುವ ಯೋಜನೆ ಇದೆ. ನಮ್ಮಲ್ಲಿ? ಸರ್ಕಾರಿ ಆಸ್ಪತ್ರೆಯ ನ್ಯೂರೋ ಒಪಿಡಿ ಮುಂದೆ ಬೆಳಗ್ಗೆ 8ಕ್ಕೆ ನಿಂತು ನೋಡಿ. ಆ ಸಾಲು ಕರಗಿಸಿ, ಸಂಜೆ ರೌಂಡ್ಸ್ ಮುಗಿಸಿ, ರಾತ್ರಿ ಡ್ಯೂಟಿಯ ನಡುವೆ ಥೀಸಿಸ್ಸಿನ ಎಕ್ಸೆಲ್ ಶೀಟು ತುಂಬಿಸುವ ಪಿಜಿಗಳಿಗೆ ಬುದ್ಧಿ ಕಮ್ಮಿಯಿಲ್ಲ. ಇಲ್ಲದಿರುವುದು ಆ ಶೇ 75.

◆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಯುವ ವೈದ್ಯರೂ ಕಡ್ಡಾಯ ಸೇನಾ ಸೇವೆಗೆ ಹೋಗಬೇಕಿತ್ತು. ಬದಲಿಗೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲ್ಯಾಬುಗಳಲ್ಲಿ ಸಂಶೋಧನೆ ಮಾಡಿ ಆ ಋಣ ತೀರಿಸುವ ಅವಕಾಶವೂ ಇತ್ತು. ಹೊರಗಿನವರು ಇವರನ್ನು ‘ಹಳದಿ ಟೋಪಿಗಳು’ ಎಂದು ಹಂಗಿಸಿದರು. ಹೆರಾಲ್ಡ್ ವಾರ್ಮಸ್, ಮೈಕೆಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್, ರಾಬರ್ಟ್ ಲೆಫ್ಕೊವಿಟ್ಜ್, ಎಲ್ಲರೂ ಹಳದಿ ಟೋಪಿಯವರೇ. ಎಲ್ಲರಿಗೂ ನೊಬೆಲ್ ಬಂತು.

◆ ಟ್ರಯಲ್ ನಡೆಸುವುದನ್ನು ಒಂದು ವಾರದಲ್ಲಿ ಕಲಿಸಬಹುದೇ? 1996ರಲ್ಲಿ ಅಮೆರಿಕದ ಕೊಲರಾಡೊದ ವೇಲ್ ಎಂಬ ಗುಡ್ಡದೂರಿನಲ್ಲಿ ಯುವ ಕ್ಯಾನ್ಸರ್ ವೈದ್ಯರಿಗೆ ಇಂಥ ಶಿಬಿರ ಶುರುವಾಯಿತು. ಬರುವಾಗ ಕೈಯಲ್ಲೊಂದು ಯೋಚನೆ ಇರಬೇಕು. ಹೋಗುವಾಗ ಪೂರ್ತಿ ಬರೆದ ಪ್ರೊಟೊಕಾಲ್ ಇರಬೇಕು. ಎಷ್ಟು ರೋಗಿಗಳು ಬೇಕು, ಏಕೆ ಅಷ್ಟೇ, ಯಾವಾಗ ನಿಲ್ಲಿಸಬೇಕು, ಒಪ್ಪಿಗೆ ಪತ್ರದಲ್ಲಿ ಏನಿರಬೇಕು, ಎಲ್ಲವನ್ನೂ ಸಂಖ್ಯಾಶಾಸ್ತ್ರಜ್ಞರು ಪಕ್ಕದಲ್ಲಿ ಕೂತು ಕೆದಕುತ್ತಾರೆ. ಈ ಮಾದರಿಯಲ್ಲಿ ಭಾರತದಲ್ಲೂ 2015ರಿಂದ ‘ಕ್ರೆಡೋ’ ಹೆಸರಿನ ಕಾರ್ಯಾಗಾರವಿದೆ. ನಡೆಸುವವರು ಮುಂಬೈನ ಟಾಟಾ ಮೆಮೋರಿಯಲ್ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್.

◆ ಟಾಟಾ ಮೆಮೋರಿಯಲ್ ಎಂದಾಗ ನೆನಪಾಗುವುದು ಅಲ್ಲಿನ ಒಂದು ಟ್ರಯಲ್. ಮಿದುಳಿನ ಸೌಮ್ಯ ಗಡ್ಡೆಗಳಿದ್ದ 3ರಿಂದ 25 ವರ್ಷದ 200 ಮಂದಿ. ಅರ್ಧ ಜನರಿಗೆ ಮಾಮೂಲು ರೇಡಿಯೇಶನ್, ಉಳಿದವರಿಗೆ ಗಡ್ಡೆಗಷ್ಟೇ ಗುರಿಯಿಟ್ಟ ರೇಡಿಯೇಶನ್. ರೋಗಿಗಳನ್ನು ಸೇರಿಸಿಕೊಳ್ಳುವುದು 2001ರಲ್ಲಿ ಶುರುವಾಗಿ 2012ರಲ್ಲಿ ಮುಗಿಯಿತು. ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ಅಳೆದದ್ದು ಬದುಕಿದವರೆಷ್ಟು ಎಂಬುದನ್ನಷ್ಟೇ ಅಲ್ಲ, ಮಕ್ಕಳ ಬುದ್ಧಿಶಕ್ತಿ ಮತ್ತು ಹಾರ್ಮೋನ್‌ಗಳನ್ನೂ. ಗುರಿಯಿಟ್ಟ ಗುಂಪಿನವರು ಇವೆರಡರಲ್ಲೂ ಮೇಲಾಗಿದ್ದರು. ಶಾಲೆಗೆ ಹೋಗುವ ಮಗುವಿನ ಅಪ್ಪ ಅಮ್ಮ ಕೇಳುವುದು ಇದನ್ನೇ ಅಲ್ಲವೇ?

◆ ಕಾಯುವ ಪಾಠಕ್ಕೆ ಇನ್ನೂ ದೊಡ್ಡ ಉದಾಹರಣೆ ಬೇಕೇ? ಪೆನ್‌ಫೀಲ್ಡ್‌ರ ಅಕ್ಕನಿಗಿದ್ದ ಬಗೆಯ ಗಡ್ಡೆಗೆ ರೇಡಿಯೇಶನ್ ಜೊತೆ ಕಿಮೊ ಸೇರಿಸಿದರೆ ಲಾಭವೇ ಎಂದು ಅಮೆರಿಕ–ಕೆನಡಾದಲ್ಲಿ 1994ರಲ್ಲಿ ಟ್ರಯಲ್ ಶುರುವಾಯಿತು. 291 ರೋಗಿಗಳು. 2006ರ ವರದಿ: ಆಯುಸ್ಸಿನಲ್ಲಿ ವ್ಯತ್ಯಾಸ ಇಲ್ಲ. ಫೈಲು ಮುಚ್ಚಬಹುದಿತ್ತು. ಗ್ರೆಗರಿ ಕೇರ್ನ್‌ಕ್ರಾಸ್ ಮತ್ತು ತಂಡ ಮುಚ್ಚಲಿಲ್ಲ. ರೋಗಿಗಳ ಜಾಡು ಹಿಡಿದೇ ಇದ್ದರು. 2013ರಲ್ಲಿ ನೋಡಿದರೆ, 1 ಮತ್ತು 19ನೇ ಕ್ರೋಮೋಸೋಮಿನ ತುಣುಕುಗಳು ಕಳೆದುಹೋಗಿದ್ದ ಗಡ್ಡೆಗಳಲ್ಲಿ ಕಿಮೊ ಪಡೆದವರ ಮಧ್ಯಮ ಆಯುಸ್ಸು 14.7 ವರ್ಷ, ಪಡೆಯದವರದ್ದು 7.3. ಎರಡು ಪಟ್ಟು! ಅಂಕಿಗಳು ಬರುವ ಮೊದಲೇ ಲೇಖನ ಬರೆಯಲು ತವಕಿಸುವ ಫೆಲೋಗಳಿಗೆ ಈ ಕಥೆಯನ್ನು ಕಡ್ಡಾಯವಾಗಿ ಓದಿಸಬೇಕು.

◆ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಗಳು ಕ್ಯಾರನ್ 1962ರಲ್ಲಿ ಮಿದುಳು ಕಾಂಡದ ಗಡ್ಡೆಯಿಂದ ತೀರಿಕೊಂಡಳು. ವಯಸ್ಸು 2. ಆ ಜಾಗದಲ್ಲಿ ಕತ್ತಿ ಆಡಿಸಲಾಗದು. ಹಾಗಾಗಿ ದಶಕಗಳ ಕಾಲ ಲ್ಯಾಬಿನಲ್ಲಿ ಪರೀಕ್ಷಿಸಲು ಗಡ್ಡೆಯ ಜೀವಂತ ಕೋಶಗಳೇ ಇರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ ತೀರಿಕೊಂಡ ಮಗುವಿನ ಅಪ್ಪ ಅಮ್ಮ ದಾನ ಮಾಡಿದ ಅಂಗಾಂಶದಿಂದ ಕೋಶಗಳನ್ನು ಬೆಳೆಸಿ 2011ರಲ್ಲಿ ಪ್ರಕಟಿಸಿದರು, ಬೇರೆ ಲ್ಯಾಬುಗಳಿಗೂ ಹಂಚಿದರು. ಮರಣದ ನಂತರ ಕೆಲವೇ ಗಂಟೆಗಳಲ್ಲಿ ಆಗಬೇಕಾದ ಕೆಲಸ ಅದು. ದುಃಖದಲ್ಲಿರುವ ಅಪ್ಪ ಅಮ್ಮನನ್ನು ಆ ಹೊತ್ತಿನಲ್ಲಿ ಹೇಗೆ ಕೇಳುವುದು? ಇದೂ ತರಬೇತಿಯ ಭಾಗವೇ. ಇಂಥ ಗಡ್ಡೆಯ ಕೋಶಗಳು ಆರೋಗ್ಯವಂತ ನರಕೋಶಗಳ ಜೊತೆ ಸಂಪರ್ಕ ಬೆಸೆದು, ಅವುಗಳ ವಿದ್ಯುತ್ ಸಂಕೇತದಿಂದಲೇ ಬೆಳೆಯುತ್ತವೆ ಎಂದು 2019ರಲ್ಲಿ ಗೊತ್ತಾಯಿತು. ಮೊಂಜೆ ತಂಡ ಮತ್ತು ಜರ್ಮನಿಯ ಹೈಡೆಲ್‌ಬರ್ಗ್‌ನ ತಂಡ ಒಟ್ಟಿಗೇ ತೋರಿಸಿದವು.

◆ 1987ರಲ್ಲಿ ಮೆಕ್ಸಿಕೊ ಗಡಿಯ ಬೇಲಿ ಹಾರಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಹುಡುಗ ಆಲ್ಫ್ರೆಡೊ ಕಿನ್ಯೋನೆಸ್–ಇನೊಹೊಸ. ಮುಂದೆ ಹಾರ್ವರ್ಡ್‌ನಲ್ಲಿ ಮೆಡಿಕಲ್ ಓದಿ ನ್ಯೂರೋ ಸರ್ಜನ್ ಆದರು. ಬೆಳಗ್ಗೆ ತಾವೇ ತೆಗೆದ ಗಡ್ಡೆಯ ಕೋಶಗಳನ್ನು ತಮ್ಮದೇ ಲ್ಯಾಬಿನಲ್ಲಿ ಬೆಳೆಸಿ ಅಭ್ಯಾಸ ಮಾಡುವವರು ಅವರು.

◆ ಯೇಲ್‌ನಂತೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಿದುಳಿನ ಜಾಡಿಗಳಿವೆ. ಅಲ್ಲಿನ ಮಿದುಳು ಬ್ಯಾಂಕ್ 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಶುರುವಾಯಿತು. ಪಕ್ಕದ ಮಿದುಳು ವಸ್ತುಸಂಗ್ರಹಾಲಯಕ್ಕೆ ನಿಗದಿತ ದಿನಗಳಲ್ಲಿ ನಾವೂ ನೀವೂ ಹೋಗಬಹುದು. ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿಯಲೂ ಕೊಡುತ್ತಾರೆ. ಕದ್ದು ಇಳಿಯಬೇಕಾಗಿಲ್ಲ. ಇನ್ನೊಂದು ಸಂಗತಿ: ಚಿಕಿತ್ಸೆಯಿಂದ ರೋಗಿಯ ನೆನಪಿನ ಶಕ್ತಿ ಕುಂದಿತೇ ಎಂದು ಅಳೆಯಲು ಪಾಶ್ಚಾತ್ಯ ಪರೀಕ್ಷೆಗಳ ಅಂಕಗಳು ನಮ್ಮವರಿಗೆ ಹೊಂದುವುದಿಲ್ಲ. ಓದಿದವರು, ಓದದವರು ಎಂದು ವಿಂಗಡಿಸಿ ಭಾರತೀಯರ ಅಂಕಗಳನ್ನೇ ಆಧಾರವಾಗಿಟ್ಟ ಪರೀಕ್ಷಾ ಗುಚ್ಛವನ್ನು ನಿಮ್ಹಾನ್ಸ್ 2004ರಲ್ಲಿ ಹೊರತಂದಿತು.

◆ ಭಾರತದಲ್ಲಿ ಯಾವುದೇ ಕ್ಲಿನಿಕಲ್ ಟ್ರಯಲ್ ಶುರುಮಾಡುವ ಮೊದಲು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಬೇಕು. 2007ರ ಜುಲೈನಲ್ಲಿ ಆರಂಭ, 2009ರ ಜೂನ್‌ನಿಂದ ಕಡ್ಡಾಯ. ಜನಸಾಮಾನ್ಯರೂ ಪುಕ್ಕಟೆ ಹುಡುಕಬಹುದು.

◆ ಎಂಬಿಬಿಎಸ್ ಮುಗಿಸಿ ಪಿಜಿ ಮಾಡುವ ಪ್ರತಿಯೊಬ್ಬರೂ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸೊಂದನ್ನು ಪಾಸು ಮಾಡಲೇಬೇಕು ಎಂಬ ನಿಯಮ ಈಗಿದೆ. ಪಾಠ ಸಿದ್ಧಪಡಿಸಿದ್ದು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ. ಆದರೆ ಕೋರ್ಸು ಒಂದು ಮೆಟ್ಟಿಲು ಮಾತ್ರ. ಬೆಂಗಳೂರಿನ ಐಐಎಸ್‌ಸಿ ಇನ್ನೂ ಮುಂದೆ ಹೋಗಿ, ಎಂಡಿ ಮತ್ತು ಪಿಎಚ್‌ಡಿಯನ್ನು ಒಟ್ಟಿಗೆ ಕಲಿಸುವ ವೈದ್ಯಕೀಯ ಶಾಲೆ ಹಾಗೂ 800 ಹಾಸಿಗೆಯ ಆಸ್ಪತ್ರೆಯ ಯೋಜನೆಯನ್ನು 2022ರಲ್ಲಿ ಪ್ರಕಟಿಸಿತು. ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಇದಕ್ಕೆ ಕೊಟ್ಟ ದಾನ 425 ಕೋಟಿ ರೂಪಾಯಿ.

◆ ಕಡೆಯದಾಗಿ ಒಂದು ಲೆಕ್ಕ. ಕೆಲವು ಗ್ಲಿಯೋಮಗಳಲ್ಲಿ ಐಡಿಎಚ್1 ಎಂಬ ಜೀನ್ ಕೆಟ್ಟಿರುತ್ತದೆ ಎಂದು 2008ರಲ್ಲಿ ಗೊತ್ತಾಯಿತು, ಕೇವಲ 22 ಗಡ್ಡೆಗಳ ಜೀನ್‌ಗಳನ್ನು ಓದಿ ನೋಡಿದಾಗ. ಅದೇ ವರ್ಷ ಇಲ್ಲೊಬ್ಬಳು ಎಂಬಿಬಿಎಸ್‌ಗೆ ಸೇರಿದಳು ಎಂದುಕೊಳ್ಳಿ. ಹೌಸ್ ಸರ್ಜನ್ಸಿ ಸೇರಿ ಐದೂವರೆ ವರ್ಷ. ಪಿಜಿ ಸೀಟು ಮೊದಲ ಸಲಕ್ಕೇ ಸಿಕ್ಕಿತು, ಎಂಡಿ 3 ವರ್ಷ. ನ್ಯೂರಾಲಜಿಯಲ್ಲಿ ಡಿಎಂ ಇನ್ನು 3. ಮೇಲೆ 2 ವರ್ಷದ ಫೆಲೋಶಿಪ್. ಎಲ್ಲ ಮುಗಿಸಿ 2022ಕ್ಕೆ ಆಕೆ ತಯಾರು. ಆ ಕೆಟ್ಟ ಜೀನಿನ ಕೆಲಸವನ್ನು ತಡೆಯುವ ವೊರಾಸಿಡೆನಿಬ್ ಮಾತ್ರೆ ಇನ್ನೂ ಟ್ರಯಲ್‌ನಲ್ಲೇ ಇತ್ತು. 331 ರೋಗಿಗಳ ಫಲಿತಾಂಶ ಬಂದದ್ದು 2023ರಲ್ಲಿ: ಮಾತ್ರೆ ಪಡೆದವರಲ್ಲಿ ಗಡ್ಡೆ ಮತ್ತೆ ಬೆಳೆಯದೆ ನಿಂತದ್ದು 27.7 ತಿಂಗಳು, ಪಡೆಯದವರಲ್ಲಿ 11.1. ಅಮೆರಿಕದಲ್ಲಿ ಅದನ್ನು ಬರೆದುಕೊಡಲು ಒಪ್ಪಿಗೆ ಸಿಕ್ಕಿದ್ದು 2024ರ ಆಗಸ್ಟ್ 6ರಂದು.